ಗುಲಾಬಕ್ಕ ಕೊಟ್ಟ ಬಂಗುಡೆ

ನಮ್ಮ ಮನೆಯಲ್ಲಿ ಮೊದಲು ಡಿಗ್ರಿ ಮಾಡಿದವಳು ನಾನು. ಆದರೂ ಪಕ್ಕದ ಮನೆಯಿಂದ ಬಂಗುಡೆ ಮೀನು ಹುರಿಯುವ ವಾಸನೆ ಬಂದರೆ ಇವತ್ತಿಗೂ ನನಗೆ ಮೊದಲು ಆಗುವುದು ಹೊಟ್ಟೆಕಿಚ್ಚು.

ಆಗ ನಾವು ಉಪ್ಪುಂದದ ಕಡಲ ಬದಿಯಲ್ಲಿದ್ದೆವು. ಮಳೆಗಾಲ ಮೀನು ಮೊಟ್ಟೆಯಿಡುವ ಹೊತ್ತೆಂದು ಸರ್ಕಾರ ದೊಡ್ಡ ಬೋಟುಗಳನ್ನು ದಡದಲ್ಲೇ ನಿಲ್ಲಿಸಿತ್ತು. ಬೋಟಿಗೆ ಹೋಗುತ್ತಿದ್ದ ಅಪ್ಪಯ್ಯ ಜಗುಲಿಯಲ್ಲಿ ಹರಿದ ಬಲೆ ಹೆಣೆಯುತ್ತ ಕೂತಿದ್ದರು. ನಮಗೆ ದಿನಾ ಒಣಮೀನು ಚಟ್ನಿ. ಪಕ್ಕದ ಗುಲಾಬಕ್ಕನ ಗಂಡನದು ಸಣ್ಣ ನಾಡದೋಣಿ, ಅದಕ್ಕೆ ತಡೆಯಿಲ್ಲ. ಅವರ ಮಗಳು ಶ್ಯಾಮಲ ಶಾಲೆಯಲ್ಲಿ ನನ್ನ ಮೂಗಿಗೆ ತನ್ನ ಉಂಡ ಕೈಯ ಬೆರಳು ಹಿಡಿದು, "ಮೂಸ್ ಕಾಂಬ, ಎಂತ ಮೀನ್?" ಎನ್ನುತ್ತಿದ್ದಳು.

ಒಂದು ಮಧ್ಯಾಹ್ನ ನಾನು ಊಟಕ್ಕೆ ಬಂದಾಗ ಗುಲಾಬಕ್ಕ ಬಾಳೆಲೆಯಲ್ಲಿ ನಾಲ್ಕು ಬಂಗುಡೆ ತಂದರು. "ತಕೋ ಹೆಣ್ಣೇ" ಎಂದರು.

"ನಮ್ಗ್ ಬ್ಯಾಡ. ನಮ್ಮನೇಲೂ ಮೀನ್ ಇತ್ತ್" ಎಂದೆ.

"ಸುಳ್ ಹೇಳ್ಬೇಡ, ತಕೋ" ಎಂದರು ಅಪ್ಪಯ್ಯ, ತಲೆ ಎತ್ತದೆ.

ಅಮ್ಮ ಕೊಯ್ದಾಗ ಒಂದರ ಹೊಟ್ಟೆ ತುಂಬ ಹಳದಿ ಮೊಟ್ಟೆ. ಅದನ್ನು ಅಂಗೈಯಲ್ಲಿ ಹಿಡಿದು ಜಗುಲಿಗೆ ಓಡಿದೆ. "ಕಾಣಿ ಅಪ್ಪಯ್ಯ, ಮೊಟ್ಟಿ! ಮೊಟ್ಟಿ ಮೀನ್ ಅವ್ರಿಗ್ ಹಿಡುಕ್ ಆತ್ತ್, ನಮ್ಗ್ ಆಗ್ದಾ?"

ಅಪ್ಪಯ್ಯ ಬಲೆಯ ಕಣ್ಣಿಗೆ ಕಿರುಬೆರಳು ತೂರಿಸಲು ನೋಡಿದರು. ಹೋಗಲಿಲ್ಲ.

"ಅವ್ನ್ ದೋಣಿ ಬಲೆ ಮೀನ್ ಹಿಡಿತ್ತ್. ನಮ್ ಬೋಟಿಂದ್ ಕಡ್ಲನ್ನೇ ಗುಡ್ಸತ್ತ್" ಎಂದರು.

ಹುರಿದ ಮೊಟ್ಟೆ ತಿಂದು, ಶ್ಯಾಮಲಳಿಗೆ ಮೂಸಿಸಬೇಕೆಂದು ಕೈ ತೊಳೆಯದೆ ಶಾಲೆಗೆ ಓಡಿದೆ. ಅದು ಅವಳ ಮನೆಯದೇ ಮೀನು ಎಂಬುದು ಅರ್ಧ ದಾರಿಯಲ್ಲಿ ನೆನಪಾಯಿತು. ಗದ್ದೆಯ ನೀರಲ್ಲಿ ಕೈ ಉಜ್ಜಿ ಉಜ್ಜಿ ತೊಳೆದೆ. ವಾಸನೆ ಹೋಗಲಿಲ್ಲ.