ಪರದೆಯ ಕೆಳಗಿನ ಗೇಣು

ಹೊತ್ತೇರುತ್ತಿದ್ದಂತೆ ರಾಯಚೂರಿನ ಆ ಓಣಿಯಲ್ಲಿ ಮನೆಮನೆಯ ಹೊರಪರದೆಗಳು ಗರಗರನೆ ಇಳಿದವು. ಇನ್ನು ಸಂಜೆಯವರೆಗೆ ಹೊರಗೆ ನಿಂತವರು ಬದುಕುವುದಿಲ್ಲ. ನೀಲಗಂಗಮ್ಮನೂ ಕಟ್ಟೆಯ ಅಂಚಿಗೆ ಸುರುಳಿ ಪರದೆ ಇಳಿಸಿ, ಎಲ್ಲರಂತೆ ಕೆಳಗೊಂದು ಗೇಣು ಜಾಗ ಬಿಟ್ಟಳು. ಬಿಸಿಲಿಗೆ ಸತ್ತವರು ನೆರಳು ಹುಡುಕಿಕೊಂಡು ತಮ್ಮ ಮನೆಗೇ ಬರುತ್ತಾರೆ. ಪಾದವನ್ನಾದರೂ ತಂಪಿಗಿಟ್ಟುಕೊಳ್ಳಲಿ, ಪಾಪ.

ಗಂಡನ ಪಾದಗಳು ದಿನದಂತೆ ಒಳಗೆ ಚಾಚಿಕೊಂಡವು. ಆಕೆ ಅವುಗಳ ಮೇಲೆ ತಂಬಿಗೆಯ ನೀರು ಹಾಕಿದಳು. ಕಾದ ಹಂಚಿಗೆ ಹನಿ ಬಿದ್ದಂತೆ ಚುಂಯ್ ಎಂದಿತು.

“ಕೇಳಿದ್ರೇನ್ರೀ? ನಿಮ್ಮ ಮಗಳು ಶಾಂಭವಿ ಬರಾಕತ್ತಾಳ. ದಾರ್ಯಾಗ ಬಸ್ ಕೆಟ್ಟಿತ್ತಂತ. ಇನ್ನೇನು ಬಂದೇ ಬಿಡ್ತಾಳ.”

ಪಾದಗಳು ಮೆಲ್ಲಗೆ ಪಕ್ಕಕ್ಕೆ ಸರಿದು ಜಾಗ ಬಿಟ್ಟವು. ಅಲ್ಲಿ ಇನ್ನೆರಡು ಪಾದಗಳು ಬಂದು ನಿಂತವು. ಬೆರಳುಗಳಲ್ಲಿ ಮೊನ್ನೆ ಹಬ್ಬಕ್ಕೆ ತಾನೇ ಮಗಳಿಗೆ ಹಚ್ಚಿ ಕಳಿಸಿದ್ದ ಮದರಂಗಿ.

“ಬಂದ್ಯಾ ನನ್ನವ್ವಾ? ಹೊರಗ್ಯಾಕ ನಿಂತಿ, ಬಗ್ಗಿ ಒಳಗ ಬಾ.”

ಪರದೆಯಾಚೆ ಯಾರೂ ಬಗ್ಗಲಿಲ್ಲ. ಬದುಕಿರುವವರ ಪಾದಕ್ಕೆ ನೀರು ಹಾಕಿದರೆ ಸದ್ದಾಗುವುದಿಲ್ಲ. ಮದರಂಗಿಯ ಬೆರಳುಗಳು ನೀರಿಗಾಗಿ ಮಿಸುಕಾಡುತ್ತಲೇ ಇದ್ದವು. ನೀಲಗಂಗಮ್ಮ ಮತ್ತೆ ತುಂಬಿಸಿದ ತಂಬಿಗೆಯನ್ನು ಎದೆಗವಚಿಕೊಂಡು ಕೂತಳು. ಸಂಜೆ ಓಣಿಯ ಪರದೆಗಳೆಲ್ಲ ಏಳುವವರೆಗೂ ಒಂದು ಹನಿಯನ್ನೂ ಹಾಕಲಿಲ್ಲ.