ಮೀನಿಗೆ ಗೊತ್ತಿದ್ದ ಸುದ್ದಿ

ಹಳೆಯ ಪತ್ರಿಕೆಯಲ್ಲಿ ಕಟ್ಟಿದ ಹಸಿಮೀನಿನ ವಾಸನೆ ಬಂದರೆ ಈಗಲೂ ಕಟಪಾಡಿಯ ಆ ಮಧ್ಯಾಹ್ನ ನೆನಪಾಗುತ್ತದೆ.

ಅದಕ್ಕೆ ಹಿಂದಿನ ವಾರ ಅಪ್ಪನ ದೋಣಿ ಎಂಜಿನ್ ಕೆಟ್ಟು ತಡವಾಗಿ ದೂರದ ಬೇರೊಂದು ಊರಿನ ದಡ ಸೇರಿತ್ತು, ಅಷ್ಟೆ. ಪತ್ರಿಕೆ ಮಾತ್ರ ‘ರಕ್ಕಸ ಅಲೆಗೆ ದೋಣಿ ಬಲಿ’ ಎಂದು ದಪ್ಪಕ್ಷರದಲ್ಲಿ ಬರೆದುಬಿಟ್ಟಿತ್ತು. ಅದನ್ನು ನಂಬಿದ ನೆರೆಯ ಹೆಂಗಸರು ಅಳುತ್ತಾ ಬಂದು ಅಮ್ಮನ ಬಳೆ ಒಡೆದಿದ್ದರು. ಸಂಜೆ ಅಪ್ಪ ಬಸ್ಸಿಳಿದು ನಡೆದು ಬಂದಿದ್ದರು.

ಆ ಮಧ್ಯಾಹ್ನ ಮೀನು ಮಾರುತ್ತಿದ್ದ ಅಮ್ಮ ಬಂಗುಡೆ ಕಟ್ಟಲು ಅದೇ ಪುಟವನ್ನು ಎಳೆದುಕೊಂಡಳು.

“ಇದು ನಿನ್ನ ಗಂಡನ ಸುದ್ದಿ ಅಲ್ವಾ ಮಾರಾಯ್ತಿ?” ಎಂದರು ಕೊಳ್ಳಲು ಬಂದ ಮಾಸ್ತರರು.

ಅಮ್ಮ ದಪ್ಪಕ್ಷರಗಳನ್ನು ಒಳಮಗ್ಗುಲಿಗೆ ಮಡಚಿದಳು. “ಹೌದು ಮಾಸ್ಟ್ರೇ. ಇನ್ನು ಮೀನೇ ಓದ್ಲಿ. ಕಡಲಲ್ಲಿ ಎಂತ ಆಯ್ತು ಅಂತ ಅದಕ್ಕೆ ಗೊತ್ತುಂಟು.”

ನೂಲು ಬಿಗಿಯುವಾಗ ಅವಳ ಹೊಸ ಬಳೆಗಳು ಸದ್ದು ಮಾಡಿದವು.