ಬೀಗರು ಹೋಗದ ವಿಮಾನ

“ಇದು ಬ್ಯಾಡ ಕಣ್ಲಾ, ಬೀಗರು ಹೋಗೋ ವಿಮಾನ. ಬೇರೆ ಕಂಪ್ನೀದು ತೆಗಿ” ಎಂದು ನಾನು ಮೌನೇಶನ ಕಂಪ್ಯೂಟರಿನ ಮುಂದೆ ಕುರ್ಚಿ ಎಳೆದುಕೊಂಡು ಕೂತೆ. ಪಾಂಡವಪುರ ಬಸ್‌ಸ್ಟ್ಯಾಂಡಿನ ಎದುರು ಅವನದು ಟಿಕೆಟ್ ಬುಕ್ಕಿಂಗ್ ಅಂಗಡಿ. ದೋಹಾದಲ್ಲಿ ನರ್ಸಾಗಿರುವ ನನ್ನ ಮಗಳು ರಂಜಿತಳ ಮಗುವಿಗೆ ನಾಮಕರಣವಿತ್ತು. ಬಾಣಂತನಕ್ಕೆಂದು ನನ್ನ ಹೆಂಡತಿ ಆಗಲೇ ಹೋಗಿದ್ದಳು. ಇನ್ನು ಹೋಗಬೇಕಾದವರು ನಾನು, ಮತ್ತೆ ಅಳಿಯನ ತಂದೆ, ನಾಗಮಂಗಲದ ಕೆಂಪಣ್ಣನವರು.

ಕೆಂಪಣ್ಣನವರಿಗೂ ನನಗೂ ಮಾತು ನಿಂತು ಎರಡು ವರ್ಷ. ಮದುವೆಯಾದ ಮೇಲೆ ಅವರು ಮಾಡಿದ ಬೀಗರೂಟದಲ್ಲಿ, ಬಡಿಸುವವರು ನಮ್ಮ ಪಂಕ್ತಿಗೆ ಬರುವಷ್ಟರಲ್ಲಿ ಮಾಂಸ ಮುಗಿದು, ಹೆಣ್ಣಿನ ತಂದೆಯಾದ ನನ್ನ ಎಲೆಗೆ ಬರೀ ಸಾರು ಮತ್ತು ಒಂದು ಮೂಳೆ ಬಿತ್ತು. ಮುದ್ದೆ ಮುರಿಯದೆ ಎಲೆ ಬಿಟ್ಟು ಎದ್ದುಬಂದೆ. ಊರಿನ ಡೇರಿ ಸೆಕ್ರೆಟರಿ ನಾನು. ನನ್ನ ಮರ್ಯಾದೆ ಎಲ್ಲವೂ ಆ ಮಾಂಸದ ತುಂಡಿನಲ್ಲೇ ಇತ್ತೆಂದು ಕಾಣುತ್ತದೆ. ಈಗ ರಂಜಿತ ಫೋನಿನಲ್ಲಿ ಅತ್ತಿದ್ದಳು. “ಅಪ್ಪ, ನೀವಿಬ್ರೂವೆ ಮಾತಾಡ್ಕಂಡು ಬಂದ್ರೆ ಸರಿ. ಮೊಕ ತಿರುಗಿಸ್ಕಂಡು ಬರೋದಾದ್ರೆ ನನ್ ಮಗೀಗೆ ಎಸ್ರೇ ಇಡಾಕಿಲ್ಲ.”

“ಬತ್ತೀನಿ ಬುಡವ್ವ” ಎಂದಿದ್ದೆ. ಮಾತಾಡುತ್ತೇನೆ ಎಂದು ಮಾತ್ರ ಅಪ್ಪಿತಪ್ಪಿಯೂ ಹೇಳಿರಲಿಲ್ಲ.

“ಸ್ವಾಮಣ್ಣ, ಬೀಗ್ರುದು ಇಪ್ಪತ್ತೊಂದು ಸಾವ್ರ. ಈ ಇನ್ನೊಂದು ಕಂಪ್ನೀದು ಇಪ್ಪತ್ತೇಳು” ಎಂದ ಮೌನೇಶ. “ಆದ್ರೆ ಎರಡೂ ಒಂದೇ ಟೈಮಿಗೆ ಬುಡ್ತಾವೆ. ಇಲ್ನೋಡಿ, ಕೆಳಗಡೆ ಸಣ್ಣಕ್ಷರದಲ್ಲಿ ಏನೋ ಬರ್ದವ್ರೆ…”

“ಒಂದೇ ಟೈಮಿಗೆ ಬುಟ್ರೆ ಏನ್ಲಾ? ಇಲ್ಲಿಂದ ಮೈಸೂರಿಗೆ ಗೌರ್ಮೆಂಟ್ ಬಸ್ಸು, ಪ್ರೈವೇಟ್ ಬಸ್ಸು ಒಟ್ಗೇ ಬುಡಾಕಿಲ್ವಾ? ಯಾವ್ದು ಮುಂದೆ ಹೋಯ್ತದೆ?”

“ಪ್ರೈವೇಟು.”

“ಅಂಗೇ ಇದೂವೆ. ಕಾಸು ಜಾಸ್ತಿ ಅಂದ್ಮೇಲೆ ಜೋರಾಗೇ ಓಡಿಸ್ತಾರೆ. ಸಣ್ಣಕ್ಷರ ಎಲ್ಲ ಓದ್ಬೇಡ, ಬುಕ್ ಮಾಡು.”

ಬೀಗರಿಗಿಂತ ಮುಂಚೆ ಇಳಿದು ಮೊಮ್ಮಗನನ್ನು ಮೊದಲು ಎತ್ತಿಕೊಳ್ಳುವವನು ನಾನೇ ಎಂದು ಮೀಸೆ ತಿರುವುತ್ತ ಮನೆಗೆ ಬಂದೆ. ಟಿಕೆಟ್ ನಂಬರನ್ನು ರಂಜಿತಳಿಗೆ ಕಳಿಸಿದರೆ, “ನಿಂಗೆ ಕಿಟಕಿ ಸೀಟು ನಾನೇ ಇಲ್ಲಿಂದ ಹಾಕ್ತೀನಿ ಅಪ್ಪ” ಎಂದಳು. ದನಿಯಲ್ಲಿ ಅಳುವೇ ಇರಲಿಲ್ಲ. ನನ್ನಂಥ ಬುದ್ಧಿವಂತನಿಗೆ ಆಗಲೇ ಅನುಮಾನ ಬರಬೇಕಿತ್ತು.

ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ನನ್ನ ಕಂಪನಿಯ ಕೌಂಟರ್ ಹುಡುಕಿ ಹುಡುಕಿ ಕಾಲು ಸೋತವು. ಕೊನೆಗೆ ಅಲ್ಲಿ ನಿಂತಿದ್ದ ಹೆಣ್ಣುಮಗಳೊಬ್ಬಳು ಟಿಕೆಟ್ ನೋಡಿ, ಬೀಗರ ಕಂಪನಿಯ ಸಾಲಿನ ಕಡೆಗೆ ಕೈ ತೋರಿಸಿದಳು.

“ಅದು ನಂದಲ್ಲ ಕಣವ್ವ. ನಾನು ಜಾಸ್ತಿ ಕೊಟ್ಟಿರೋದು.”

“ಎರಡೂ ಕಂಪನಿ ಪಾಲುದಾರರು ಸರ್. ಟಿಕೆಟ್ ಇಬ್ಬರೂ ಮಾರ್ತಾರೆ, ವಿಮಾನ ಒಂದೇ.”

ನಮ್ಮ ಡೇರಿಯಲ್ಲಿ ದಿನಾ ನಡೆಯುವುದೂ ಇದೇ. ಇಬ್ಬರ ಸದಸ್ಯತ್ವವೂ ಉಳಿಯಲೆಂದು ಒಂದೇ ಹಸುವಿನ ಹಾಲನ್ನು ಗಂಡನ ಹೆಸರಿಗೆ ಒಂದು ಕ್ಯಾನು, ಹೆಂಡತಿಯ ಹೆಸರಿಗೆ ಒಂದು ಕ್ಯಾನು ಮಾಡಿ ತರುತ್ತಾರೆ. ಮುಚ್ಚಳ ತೆಗೆದೊಡನೆ “ಇದೂ ಅದೇ ಹಸುಂದೇ ಕಣಮ್ಮಿ” ಎಂದು ಹಿಡಿದು ನಗಾಡುವ ಮನುಷ್ಯ ನಾನು. ಅಂಥವನು ಅದೇ ಹಸುವಿನ ಹಾಲಿಗೆ ಆರು ಸಾವಿರ ಹೆಚ್ಚು ಕೊಟ್ಟು, ಬುದ್ಧಿ ಹೇಳಲು ಬಂದವನ ಬಾಯನ್ನೂ ಮುಚ್ಚಿಸಿ ಬಂದಿದ್ದೆ.

ಕಿಟಕಿ ಸೀಟೇನೋ ಸಿಕ್ಕಿತು. ಪಕ್ಕದ ಸೀಟಿಗೆ ಉಸ್ಸಪ್ಪ ಎನ್ನುತ್ತ ಬಂದು ಕೂತವರು ಕೆಂಪಣ್ಣನವರು. ನನ್ನನ್ನು ನೋಡಿದವರೇ ತಮ್ಮ ಸೀಟಿನ ಚೀಟಿಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡರು.

“ಸೊಸೆ ಹಾಕ್ಸಿದ್ ಸೀಟು” ಎಂದರು, ಎದುರಿನ ಸೀಟಿನ ಬೆನ್ನಿಗೆ.

“ನಂಗೂ ಮಗಳೇ ಹಾಕಿದ್ದು” ಎಂದೆ ನಾನು, ಕಿಟಕಿಗೆ.

ವಿಮಾನ ಮೇಲೇರಿ ಎಷ್ಟೋ ಹೊತ್ತಿನ ಮೇಲೆ ಊಟದ ಗಾಡಿ ಬಂತು. ಕೋಳಿ ಊಟ ಕೆಂಪಣ್ಣನವರಿಗೆ ಕೊಟ್ಟಲ್ಲಿಗೆ ಖಾಲಿಯಾಯಿತು. ನನ್ನ ಮುಂದೆ ತರಕಾರಿ ಅನ್ನದ ಡಬ್ಬಿ ಬಂದು ಕೂತಿತು. ಆಕಾಶಕ್ಕೆ ಬಂದರೂ ನನ್ನ ಪಂಕ್ತಿಗೆ ಮಾಂಸ ಮುಗಿದೇ ಹೋಗುತ್ತದಲ್ಲ ಎಂದು ನನಗೆ ನಿಜವಾಗಿಯೂ ಅಳು ಬಂತು. ಅಷ್ಟರಲ್ಲಿ ಪಕ್ಕದಿಂದ ಕೈಯೊಂದು ಬಂದು, ಇದ್ದ ಎರಡು ತುಂಡಿನಲ್ಲಿ ದೊಡ್ಡದನ್ನು ನನ್ನ ಅನ್ನದ ಮೇಲೆ ಇಟ್ಟಿತು.

“ತಗಳಿ ಬೀಗ್ರೇ. ಅವತ್ತು ನಿಮ್ಮೆಲೆಗೆ ಬೀಳ್ನಿಲ್ಲ. ಅವತ್ತಿಂದ ನಂಗೂ ಉಂಡಿದ್ದು ಮೈಗತ್ತಿಲ್ಲ.”

ರೋಷದಿಂದ ಎದ್ದು ಹೋಗೋಣವೆಂದರೆ ಹೊಟ್ಟೆಗೆ ಬೆಲ್ಟು ಬಿಗಿದಿತ್ತು. ಒಂದು ಪಕ್ಕ ಬೀಗರು, ಇನ್ನೊಂದು ಪಕ್ಕ ಕಿಟಕಿ, ಅದರಾಚೆಗೆ ಬರೀ ಮೋಡ. ಮಗಳು ಲೆಕ್ಕ ಹಾಕಿಯೇ ಕೂರಿಸಿದ್ದಳು. ತುಂಡು ಬಾಯಿಗಿಟ್ಟೆ. ಉಪ್ಪು ಸಾಲದು. ಅದನ್ನು ಹೇಳಲೆಂದೇ ತೆರೆದ ಬಾಯಿಯನ್ನು ಹೇಗೋ ತಿರುಗಿಸಿಕೊಂಡು, “ಮಗೀಗೆ ಏನೆಸ್ರು ಅಂತ ಅಂದ್ಕಂಡಿದ್ದೀರಿ ಬೀಗ್ರೇ?” ಎಂದೆ.